ಗಾಳಿಯಾಡುವ ಮನೆ ಮತ್ತು ಸಾಂಕ್ರಾಮಿಕ ರೋಗಗಳು



2020-21ರ ಕೋವಿಡ್ ದಿನಗಳಲ್ಲಿ ರೋಗಿಯನ್ನು ಪ್ರತ್ಯೇಕ ಕೋಣೆಯಲ್ಲಿರಿಸಿರೆಂದು ನಾವು ವೈದ್ಯರು ಮನೆಮನೆಗೂ ತಿಳಿಸಿದೆವು. ಇರುವುದೊಂದೇ ಕೋಣೆ, ಅದರಲ್ಲಿಯೇ ಬಾಣಂತಿ, ಹಸುಗೂಸು, ಕೆಮ್ಮುವ ಮಾವನವರು. ಅಂತಹ ಮನೆಯ ಬಾಗಿಲಲ್ಲಿ ನಿಂತಾಗ ನನ್ನ ಮಾತು ನನಗೇ ಪೊಳ್ಳೆನಿಸಿತು.

ಕೆಮ್ಮಿದಾಗಲೂ ಮಾತನಾಡಿದಾಗಲೂ ಹೊರಬೀಳುವ ಅತಿಸೂಕ್ಷ್ಮ ಕಣಗಳು ಮುಚ್ಚಿದ ಕೋಣೆಯಲ್ಲಿ ಬಹಳ ಹೊತ್ತು ತೇಲುತ್ತಿರುತ್ತವೆ. ಕ್ಷಯವೂ ಕೋವಿಡ್ಡೂ ಹರಡುವುದು ಹೀಗೆ. ಆದುದರಿಂದ ಮನೆಯ ರಚನೆಯೂ ಆರೋಗ್ಯದ ವಿಷಯವೇ ಸರಿ. ಇದು ಹೊಸ ಮಾತೇನಲ್ಲ. 1898ರಲ್ಲಿ ಬೆಂಗಳೂರಿನ ಇಕ್ಕಟ್ಟಾದ ಪೇಟೆಗಳು ಪ್ಲೇಗಿನಿಂದ ನಲುಗಿದ ತರುವಾಯ ಬಸವನಗುಡಿ, ಮಲ್ಲೇಶ್ವರ ಬಡಾವಣೆಗಳು ಅಗಲವಾದ ಬೀದಿಗಳೊಡನೆ ಬೆಳೆದವು. 2021ರಲ್ಲಿ ನಮ್ಮ ಸಂಡೂರು ತಾಲ್ಲೂಕಿನ ತೋರಣಗಲ್ಲಿನಲ್ಲಿ ಉಕ್ಕಿನ ಕಾರ್ಖಾನೆಯ ಆಮ್ಲಜನಕವನ್ನು ಕೊಳವೆಯ ಮೂಲಕ ತಾತ್ಕಾಲಿಕ ಆಸ್ಪತ್ರೆಗೆ ಹರಿಸಲಾಯಿತು.

ಈಗ ಕೆಲವು ದೊಡ್ಡ ಕಟ್ಟಡಗಳ ಗೋಡೆಯಲ್ಲಿ ಪುಟ್ಟ ಯಂತ್ರವೊಂದಿರುತ್ತದೆ. ನಾವು ಬಿಡುವ ಉಸಿರಿನ ಇಂಗಾಲದ ಡೈ ಆಕ್ಸೈಡನ್ನು ಅದು ಅಳೆಯುತ್ತದೆ. ಬಯಲಿನ ಗಾಳಿಯಲ್ಲಿ ಅದರ ಪ್ರಮಾಣ ಹತ್ತು ಲಕ್ಷಕ್ಕೆ ಸುಮಾರು 420 ಭಾಗ. ಕೋಣೆಯಲ್ಲಿ 1000 ಮೀರಿತೆಂದರೆ, ಒಬ್ಬರು ಬಿಟ್ಟ ಉಸಿರನ್ನೇ ಮತ್ತೊಬ್ಬರು ಸೇವಿಸುತ್ತಿರುವರೆಂದು ತಿಳಿಯಬೇಕು. ಕೂಡಲೇ ಫ್ಯಾನು ತಾನಾಗಿಯೇ ತಿರುಗಿ ಆ ಗಾಳಿಯನ್ನು ಹೊರದೂಡುತ್ತದೆ. ಹೊಸಪೇಟೆಯ ಕಲ್ಯಾಣ ಮಂಟಪಗಳಿಗೂ ಹಂಪಿಯ ವಸತಿಗೃಹಗಳಿಗೂ ಇಂತಹ ಏರ್ಪಾಡು ಅವಶ್ಯಕ; ಅದಕ್ಕೂ ಮೊದಲು ರೋಗಿಗಳು ಸಾಲುಗಟ್ಟುವ ನಮ್ಮ ಆಸ್ಪತ್ರೆಗಳಿಗೆ ಬೇಕೆಂಬುದು ನನ್ನ ಅಭಿಪ್ರಾಯ. ಮನೆಗಳಲ್ಲಿ ಹಾಕಿಸುವ ಸಾಮಾನ್ಯ ಎ.ಸಿ. ಈ ಕೆಲಸ ಮಾಡದು. ಅದು ಒಳಗಿನ ಗಾಳಿಯನ್ನೇ ತಣಿಸಿ ಒಳಗೇ ಸುತ್ತಿಸುತ್ತದೆ.

ಇಷ್ಟು ವೆಚ್ಚ ನಮಗೆಲ್ಲಿ ಸಾಧ್ಯವೆಂದು ನೀವು ಕೇಳಬಹುದು. ನಿಮ್ಮ ಹಿರಿಯರು ಮಣ್ಣಿನ ಮಾಳಿಗೆಯಲ್ಲಿ ಬೆಳಕಿಂಡಿ ಬಿಡುತ್ತಿದ್ದರು. ಬಿಸಿಗಾಳಿ ಹಗುರವಾದುದರಿಂದ ಮೇಲೇರಿ ಅಲ್ಲಿಂದ ಹೊರಹೋಗುತ್ತಿತ್ತು, ಬಾಗಿಲಿನಿಂದ ತಂಪುಗಾಳಿ ಒಳಬರುತ್ತಿತ್ತು. ಆರ್.ಸಿ.ಸಿ. ಹಾಕಿಸುವಾಗ ಅದನ್ನು ಮುಚ್ಚಿಬಿಡುತ್ತಿದ್ದೇವೆ. ಗಂಡಹೆಂಡಿರಿಬ್ಬರೂ ಕೂಡಿ ಮೇಸ್ತ್ರಿಗೆ ಮೊದಲೇ ತಿಳಿಸಿ, ಛಾವಣಿಗೆ ಹತ್ತಿರ ಗಾಳಿಕಿಂಡಿಗಳನ್ನೂ ಎದುರುಬದುರಾಗಿ ಕಿಟಕಿಗಳನ್ನೂ ಇಡಿಸಿರಿ.

ಸಂಡೂರಿನವರು ಗಣಿಯ ಧೂಳಿಗೆ, ಕಂಪ್ಲಿಯ ಗದ್ದೆಬಯಲಿನವರು ಸೊಳ್ಳೆಗೆ ಅಂಜಿ ಕಿಟಕಿ ಮುಚ್ಚುವುದನ್ನು ನಾನು ಬಲ್ಲೆ. ಅವರ ಅಂಜಿಕೆ ನಿಜವೇ. ಸೊಳ್ಳೆಗೆ ಜಾಲರಿ ಹೊಡೆಸಿರಿ. ಧೂಳೇಳುವ ಹೊತ್ತು ಕಳೆದ ಮೇಲೆ ಕಿಟಕಿ ತೆರೆಯಿರಿ. ಮನೆಯಲ್ಲಿ ಯಾರಿಗಾದರೂ ಕೆಮ್ಮು ಜ್ವರ ಬಂದಲ್ಲಿ ಅವರ ಹಾಸಿಗೆಯನ್ನು ಗಾಳಿ ಹೊರಹೋಗುವ ಕಿಟಕಿಯ ಬಳಿ ಹಾಸಿರಿ. ಕೂಸಿನ ತೊಟ್ಟಿಲನ್ನು ಗಾಳಿ ಒಳಬರುವ ಕಡೆಗೆ ಕಟ್ಟಿರಿ.