ಖರ್ಜೂರದ ಬೀಜದಷ್ಟು ಚಿನ್ನ

(ದಾವಣಗೆರೆಯ ಮಂಡಿಪೇಟೆ ಭಾಗದ ಮಸೀದಿಯೊಂದರಲ್ಲಿ ನೀಡಿದ ಜುಮಾ ಪ್ರವಚನದ ಸಂಗ್ರಹ)



 

ಮದುವೆಯ ದಿನಗಳು ಹತ್ತಿರ ಬಂದಿವೆ. ಇಲ್ಲಿಂದ ಹೊರಗೆ ಕಾಲಿಟ್ಟರೆ ಮಂಡಿಪೇಟೆ. ಹರಿಹರ, ಮಲೇಬೆನ್ನೂರು, ಹೊನ್ನಾಳಿ, ಚನ್ನಗಿರಿಯಿಂದ ಬಸ್ಸು ಹಿಡಿದು ಬಂದ ಕುಟುಂಬಗಳು ಬೆಳಿಗ್ಗೆ ಹನ್ನೊಂದಕ್ಕೇ ಪೇಟೆಯಲ್ಲಿ ತುಂಬಿರುತ್ತವೆ. ಮೊದಲು ಬಂಗಾರದಂಗಡಿ, ಆಮೇಲೆ ಬಟ್ಟೆ, ಮಧ್ಯಾಹ್ನ ಮಕ್ಕಳು ಹಟ ಹಿಡಿದರೆ ಬೆಣ್ಣೆ ದೋಸೆ, ಸಂಜೆ ಮಂಡಕ್ಕಿ ಮೆಣಸಿನಕಾಯಿ. ತಾಯಿಯ ಕೈಯಲ್ಲಿ ಐದಾರು ಚೀಲ. ತಂದೆಯ ಜೇಬಿನಲ್ಲಿ ಮಡಚಿಟ್ಟ ಒಂದು ಚೀಟಿ. ಯಾರಿಂದ ಎಷ್ಟು ತಂದದ್ದು, ಯಾರಿಗೆ ಎಷ್ಟು ಬಾಕಿ ಎಂಬ ಲೆಕ್ಕ ಅದರಲ್ಲಿದೆ. ಇಂದು ಆ ಚೀಟಿಯ ಬಗ್ಗೆ ಮಾತಾಡೋಣ.

ಮೊದಲೇ ಒಂದು ವಿಷಯ ಸ್ಪಷ್ಟಪಡಿಸುತ್ತೇನೆ. ತಿನ್ನುವುದು, ಉಡುವುದು, ಸಿಂಗರಿಸಿಕೊಳ್ಳುವುದು ಪಾಪವಲ್ಲ. ಸೂರಃ ಅಲ್ ಅಅ್‌ರಾಫ್‌ನ 31 ಮತ್ತು 32ನೇ ಸೂಕ್ತಗಳನ್ನು ಒಟ್ಟಿಗೆ ಓದಿರಿ. ಮೊದಲನೆಯದರಲ್ಲಿ ಅಲ್ಲಾಹನು ಆರಾಧನೆಯ ವೇಳೆ ಅಲಂಕಾರ ಮಾಡಿಕೊಳ್ಳಲು, ತಿನ್ನಲು, ಕುಡಿಯಲು ಹೇಳುತ್ತಾನೆ, ಮಿತಿ ಮೀರಬಾರದೆಂದು ಎಚ್ಚರಿಸುತ್ತಾನೆ. ಮುಂದಿನದರಲ್ಲಿ, ತಾನು ದಾಸರಿಗಾಗಿ ಕೊಟ್ಟ ಅಲಂಕಾರವನ್ನು ಹರಾಮ್ ಮಾಡಿದವರು ಯಾರು ಎಂದು ಕೇಳುತ್ತಾನೆ. ಎರಡನೆಯ ಸೂಕ್ತವನ್ನು ಬಿಟ್ಟು ಮೊದಲನೆಯದನ್ನು ಮಾತ್ರ ಹೇಳುವ ಪ್ರವಚನಗಳನ್ನು ನಾವು ಸಾಕಷ್ಟು ಕೇಳಿದ್ದೇವೆ.

ಮದೀನಾದ ಒಬ್ಬ ದರ್ಜಿ ಪ್ರವಾದಿ(ಸ)ರನ್ನು ಊಟಕ್ಕೆ ಕರೆದ. ಜವೆಯ ರೊಟ್ಟಿ, ಕುಂಬಳಕಾಯಿ ಮತ್ತು ಒಣಮಾಂಸದ ಸಾರು. ಪ್ರವಾದಿವರ್ಯರು(ಸ) ತಟ್ಟೆಯ ಅಂಚಿನಲ್ಲಿದ್ದ ಕುಂಬಳದ ಹೋಳುಗಳನ್ನು ಹುಡುಕಿ ತಿನ್ನುವುದನ್ನು ಹಝ್ರತ್ ಅನಸ್(ರ) ಕಂಡರು. ಅಂದಿನಿಂದ ತಮಗೂ ಕುಂಬಳ ಇಷ್ಟವಾಯಿತೆಂದು ಅವರು ಹೇಳಿದ್ದು ಬುಖಾರಿಯಲ್ಲಿದೆ. ಸಿಹಿ ಮತ್ತು ಜೇನುತುಪ್ಪ ಪ್ರವಾದಿ(ಸ)ರಿಗೆ ಇಷ್ಟವಾಗಿದ್ದವೆಂದು ಹಝ್ರತ್ ಆಯಿಶಾ(ರ) ತಿಳಿಸಿದ್ದಾರೆ. ಹಾಗಾಗಿ ಬೆಣ್ಣೆ ದೋಸೆ ತಿಂದವರು ತೌಬಾ ಮಾಡಬೇಕಾಗಿಲ್ಲ. ಈ ಊರಿನ ದೋಸೆಯ ಕಥೆಯನ್ನು ಹಿರಿಯರು ಹೇಳುವುದುಂಟು: 1928ರ ಸುಮಾರಿಗೆ ಚೆನ್ನಮ್ಮ ಎಂಬ ಹೆಣ್ಣುಮಗಳು ಬೆಳಗಾವಿ ಸೀಮೆಯಿಂದ ಮಕ್ಕಳೊಂದಿಗೆ ಬಂದು ದೋಸೆ ಮಾಡಿ ಮಾರತೊಡಗಿದರು, ಮಕ್ಕಳು ಆ ಕಸುಬನ್ನು ಬೆಳೆಸಿದರು. ಮಕ್ಕಳನ್ನು ಸಾಕಲು ಒಲೆಯ ಮುಂದೆ ಕೂತ ಒಬ್ಬ ತಾಯಿಯ ದುಡಿಮೆ ಇಂದು ಇಡೀ ಊರಿನ ಹೆಸರಾಗಿದೆ. ಇನ್ನು ಮಂಡಕ್ಕಿಯಂತೂ ನಮ್ಮವರದೇ ಬೆವರು. ಭತ್ತ ನೆನೆಸಿ, ಬೇಯಿಸಿ, ಒಣಗಿಸಿ, ಅಕ್ಕಿ ಮಾಡಿಸಿ, ಉಪ್ಪುನೀರು ಹಾಕಿ, ಕಾದ ಮರಳಿನಲ್ಲಿ ಹುರಿಯುವ ಭಟ್ಟಿಗಳಲ್ಲಿ ನಮ್ಮ ಎಷ್ಟೋ ಮನೆಗಳ ಗಂಡಸರು ಹೆಂಗಸರು ಹೊಗೆ ಕುಡಿದು ದುಡಿದಿದ್ದಾರೆ. ಬೀದಿಬದಿಯಲ್ಲಿ ಒಗ್ಗರಣೆ ಮಂಡಕ್ಕಿ ತಿನ್ನುವಾಗ ಗಾಡಿಯವನೊಂದಿಗೆ ಐದು ರೂಪಾಯಿಗೆ ಚೌಕಾಸಿ ಮಾಡಿ, ಬಂಗಾರದಂಗಡಿಯಲ್ಲಿ ಮಜೂರಿ ಎಷ್ಟೆಂದೂ ಕೇಳದೆ ಬರುವವರಿದ್ದಾರೆ. ಇದು ನನಗೆ ಎಂದೂ ಅರ್ಥವಾಗಿಲ್ಲ.

ಸಹೋದರರೇ, ಚೀಟಿ ಉದ್ದವಾಗುವುದು ದೋಸೆಯಿಂದಲ್ಲ, ಮದುವೆಯಿಂದ.

ಹಝ್ರತ್ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮಕ್ಕಾದಿಂದ ಬರಿಗೈಯಲ್ಲಿ ಮದೀನಾಕ್ಕೆ ಬಂದರು. ಅನ್ಸಾರಿ ಸಹೋದರ ಸಅದ್ ಬಿನ್ ರಬೀಅ್(ರ) ತಮ್ಮ ಆಸ್ತಿಯ ಅರ್ಧ ಕೊಡುತ್ತೇನೆಂದರು. ಇವರು ಅವರಿಗೆ ದುಆ ಮಾಡಿ, ಪೇಟೆ ಎಲ್ಲಿದೆ ಎಂದು ತೋರಿಸಿದರೆ ಸಾಕು ಎಂದರು. ಬನೂ ಕೈನುಕಾಅ್ ಪೇಟೆಯಲ್ಲಿ ತುಪ್ಪ ಮತ್ತು ಒಣಗಿಸಿದ ಮೊಸರಿನ ಗಟ್ಟಿ ಮಾರಿ ವ್ಯಾಪಾರ ಶುರು ಮಾಡಿದರು. ಕೆಲವು ದಿನಗಳಾದ ಮೇಲೆ ಪ್ರವಾದಿ(ಸ) ಅವರನ್ನು ನೋಡಿದಾಗ ಬಟ್ಟೆಯ ಮೇಲೆ ಹಳದಿ ಸುಗಂಧದ ಗುರುತಿತ್ತು. ಏನಿದು ಎಂದು ಕೇಳಿದರು. ಮದುವೆಯಾಯಿತು ಎಂದರು ಇಬ್ನು ಔಫ್. ಮಹ್ರ್ ಏನು ಕೊಟ್ಟಿರಿ ಎಂದಾಗ, ಖರ್ಜೂರದ ಬೀಜದ ತೂಕದ ಚಿನ್ನ ಎಂದರು. ಪ್ರವಾದಿವರ್ಯರು(ಸ) ಬರಕತ್‌ಗಾಗಿ ಪ್ರಾರ್ಥಿಸಿ, ಒಂದು ಕುರಿಯನ್ನಾದರೂ ಕೊಯ್ದು ವಲೀಮಾ ಮಾಡಲು ಹೇಳಿದರು.

ಈ ಹದೀಸನ್ನು ನಾವು ವಲೀಮಾದ ಪುರಾವೆಗಾಗಿ ಮಾತ್ರ ಓದುತ್ತೇವೆ. ಇನ್ನೊಂದು ಸಲ ನೋಡಿರಿ. ಅಲ್ಲಾಹನ ರಸೂಲರು(ಸ) ಅದೇ ಊರಿನಲ್ಲಿದ್ದಾರೆ, ಮದುವೆಗೆ ಅವರನ್ನೇ ಕರೆದಿರಲಿಲ್ಲ! ಅವರು ಅದಕ್ಕೆ ಬೇಸರಿಸಲಿಲ್ಲ, ನನಗೇಕೆ ಹೇಳಲಿಲ್ಲ ಎಂದು ಕೇಳಲಿಲ್ಲ. ನಮ್ಮಲ್ಲಿ ಪತ್ರಿಕೆ ಕೊಡಲು ಮನೆಗೆ ಬರದೆ ಮೊಬೈಲಿನಲ್ಲಿ ಕಳಿಸಿದರೆಂದು ಮಾಮು ಎರಡು ವರ್ಷ ಮಾತು ಬಿಡುತ್ತಾರೆ. ಎರಡನೆಯದಾಗಿ, ಚಿನ್ನ ಹೋದ ದಿಕ್ಕು ಗಮನಿಸಿ. ಗಂಡಿನ ಕೈಯಿಂದ ಹೆಣ್ಣಿನ ಕೈಗೆ. ನಾವು ಆ ದಿಕ್ಕನ್ನೇ ತಿರುಗಿಸಿದ್ದೇವೆ. ಜೋಡೆ ಕಿ ರಖಮ್ ಎನ್ನುತ್ತೇವೆ, ಜಹೇಜ್ ಎನ್ನುತ್ತೇವೆ. ಬಾಯಿಬಿಟ್ಟು ಕೇಳಲು ನಾಚಿಕೆಯಾದರೆ, ನಿಮ್ಮ ಮಗಳಿಗೆ ನೀವು ಕೊಡುವುದು, ನಮಗೇನೂ ಬೇಡ ಎನ್ನುತ್ತೇವೆ. ಆ ಮಾತಿನ ಅರ್ಥ ಹೆಣ್ಣಿನ ತಂದೆಗೆ ಚೆನ್ನಾಗಿ ಗೊತ್ತಿದೆ. ಎಷ್ಟು ತೊಲ ಎಂದು ನಿಮ್ಮ ಮನೆಯ ಹೆಂಗಸರು ಅವನ ಹೆಂಡತಿಯನ್ನು ಮೆಲ್ಲಗೆ ಕೇಳಿರುತ್ತಾರೆ.

ದೇಶದ ಕಾನೂನು ಕೂಡ ಈ ದಿಕ್ಕನ್ನು ಗುರುತಿಸಿದೆ. 1961ರ ವರದಕ್ಷಿಣೆ ನಿಷೇಧ ಕಾಯ್ದೆಯ ಪ್ರಕಾರ ಕೊಡುವುದೂ ತೆಗೆದುಕೊಳ್ಳುವುದೂ ಅಪರಾಧ, ಸಾಮಾನ್ಯವಾಗಿ ಐದು ವರ್ಷಕ್ಕೆ ಕಡಿಮೆ ಇಲ್ಲದ ಸಜೆ. ಅದೇ ಕಾಯ್ದೆ ಮುಸ್ಲಿಮರ ಮಹ್ರನ್ನು ವರದಕ್ಷಿಣೆಯ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಸಂಸತ್ತಿಗೆ ತಿಳಿದ ವ್ಯತ್ಯಾಸ ನಮ್ಮ ಮದುವೆ ಮಾತುಕತೆಯ ಚಾಪೆಯ ಮೇಲೆ ಮರೆತುಹೋಗುತ್ತದೆ. 2013ರಲ್ಲಿ ರಾಜ್ಯ ಸರಕಾರ ಬಡ ಅಲ್ಪಸಂಖ್ಯಾತ ಹೆಣ್ಣುಮಕ್ಕಳ ಮದುವೆಗೆ 50,000 ರೂಪಾಯಿ ನೀಡುವ ಬಿದಾಯಿ ಯೋಜನೆ ತಂದಿತು. ಸಹಾಯ ಒಳ್ಳೆಯದೇ. ಆದರೆ ನಿಕಾಹ್‌ಗೆ ಶರೀಅತ್ ಕೇಳುವುದು ಇಬ್ಬರ ಒಪ್ಪಿಗೆ, ಸಾಕ್ಷಿಗಳು, ಮಹ್ರ್. ಇದಕ್ಕೆ ಸರಕಾರದಿಂದ ಐವತ್ತು ಸಾವಿರ ಬೇಕಾಗುವಂತೆ ಮಾಡಿದವರು ಯಾರು?

ಹಜರತ್, ಜನ ಏನಂತಾರೆ ಎಂದು ತಂದೆಯರು ಕೇಳುತ್ತಾರೆ. ಜನ ಬಿರಿಯಾನಿ ತಿಂದು, ದಾಲ್ಚಾದಲ್ಲಿ ಉಪ್ಪು ಕಡಿಮೆ ಎಂದು ಹೇಳಿ ಮನೆಗೆ ಹೋಗುತ್ತಾರೆ. ಹಲ್ದಿ, ಮೆಹಂದಿ, ಶಾದಿ, ವಲೀಮಾ, ಆಮೇಲೆ ಶುಕ್ರವಾರಕ್ಕೊಂದು ಜುಮಾಗಿ. ಇವುಗಳಲ್ಲಿ ವಲೀಮಾ ಒಂದೇ ಸುನ್ನತ್, ಅದು ಗಂಡಿನ ಕಡೆಯ ಖರ್ಚು. ಉಳಿದ ಎಲ್ಲದರ ಭಾರ ಬೀಳುವುದು ಹೆಚ್ಚಾಗಿ ಹೆಣ್ಣಿನ ತಂದೆಯ ಮೇಲೆ. ಈಚೆಗೆ ಹಲ್ದಿಗೆ ಎಲ್ಲರಿಗೂ ಒಂದೇ ಹಳದಿ ಬಟ್ಟೆ, ಶಾದಿಗೆ ಇನ್ನೊಂದು ಬಣ್ಣ ಎಂದು ಹೇಳುತ್ತಾರೆ. ಕೂಲಿ ಮಾಡುವ ಚಾಚಾನ ಮನೆಯಲ್ಲಿ ನಾಲ್ಕು ಮಕ್ಕಳಿದ್ದರೆ ಅವರು ಆ ಮದುವೆಗೆ ಬರುವುದು ಹೇಗೆ? ಹುಷಾರಿಲ್ಲ ಎಂದು ಹೇಳಿ ಮನೆಯಲ್ಲೇ ಉಳಿಯುತ್ತಾರೆ. ಶ್ರೀಮಂತರನ್ನು ಕರೆದು ಬಡವರನ್ನು ಬಿಟ್ಟ ವಲೀಮಾದ ಊಟವೇ ಅತಿ ಕೆಟ್ಟ ಊಟವೆಂದು ಹದೀಸಿನಲ್ಲಿದೆ. ಬಡವರು ತಾವಾಗಿಯೇ ಹಿಂದೆ ಸರಿಯುವಂತೆ ಮಾಡುವುದೂ ಬಿಟ್ಟಂತೆಯೇ. ಖೈಬರ್‌ನಿಂದ ಹಿಂತಿರುಗುವ ದಾರಿಯಲ್ಲಿ ಹಝ್ರತ್ ಸಫಿಯ್ಯಾ(ರ)ರ ವಲೀಮಾ ನಡೆಯಿತು. ನೆಲಕ್ಕೆ ಚರ್ಮ ಹಾಸಿ, ಯಾರ ಬಳಿ ಏನಿದೆಯೋ ತನ್ನಿರಿ ಎಂದರು. ಒಬ್ಬರು ಖರ್ಜೂರ ತಂದರು, ಒಬ್ಬರು ತುಪ್ಪ ತಂದರು. ಕಲಸಿ ತಿಂದರು. ಅದೇ ರಸೂಲರ(ಸ) ವಲೀಮಾ.

ಈಗ ಚಿನ್ನದ ವಿಷಯ. ಮನೆಯಲ್ಲಿ ಓದುವ ತಾಯಂದಿರು, ಸಹೋದರಿಯರು ಇದನ್ನು ಗಮನಿಸಬೇಕು. ಚಿನ್ನ ಹೆಂಗಸರಿಗೆ ಹಲಾಲ್, ಗಂಡಸರಿಗೆ ಹರಾಮ್. ದೂಲ್ಹನಿಗೆ ಸಲಾಮಿಯಲ್ಲಿ ಚಿನ್ನದ ಉಂಗುರ ತೊಡಿಸುವ ಪದ್ಧತಿ ಇದೆ, ಅದನ್ನು ನಿಲ್ಲಿಸಿ. ವೈಟ್ ಗೋಲ್ಡ್ ಎಂದರೂ ಅದು ಚಿನ್ನವೇ. ಹೆಣ್ಣಿಗೆ ಹಾಕಿದ ಲಚ್ಛಾ, ಬಳೆ, ಝುಮ್ಕಿ, ಮಹ್ರ್ ಆಗಿ ಕೊಟ್ಟದ್ದು, ತಾಯಿಮನೆಯವರು ಅವಳಿಗೆಂದು ಕೊಟ್ಟದ್ದು, ಎಲ್ಲವೂ ಅವಳ ಸ್ವತ್ತು. ಗಂಡನದಲ್ಲ, ಅತ್ತೆಯದಲ್ಲ. ಸೂರಃ ಅನ್ನಿಸಾದ 4ನೇ ಸೂಕ್ತದಲ್ಲಿ ಮಹ್ರನ್ನು ಸಂತೋಷದಿಂದ ಕೊಡಲು ಆದೇಶವಿದೆ. ಅವಳು ಮನಸ್ಸಾರೆ ಬಿಟ್ಟುಕೊಟ್ಟರೆ ಮಾತ್ರ ಗಂಡ ಅದನ್ನು ಬಳಸಬಹುದು. 20ನೇ ಸೂಕ್ತದಲ್ಲಿ, ರಾಶಿ ಚಿನ್ನ ಕೊಟ್ಟಿದ್ದರೂ ಹಿಂದಕ್ಕೆ ತೆಗೆದುಕೊಳ್ಳಬಾರದೆಂದಿದೆ. ಆದರೆ ಎಷ್ಟೋ ಮನೆಗಳಲ್ಲಿ ಮದುವೆಯಾಗಿ ಆರು ತಿಂಗಳಿಗೆ ಬಳೆ ಗಿರವಿಗೆ ಹೋಗುತ್ತದೆ. ಮದುವೆಗೆ ಮಾಡಿದ ಸಾಲ ತೀರಿಸಲು ಮದುವೆಯ ಚಿನ್ನವನ್ನೇ ಬಡ್ಡಿಗೆ ಇಡುವುದು. ಹುಡುಗಿ ಕೇಳಿದರೆ ನಿನಗೆ ಮಾಡಿಸಿಕೊಡ್ತೀನಿ ಬಿಡು ಎನ್ನುತ್ತಾರೆ. ಅವಳು ಸುಮ್ಮನಾದಳು ಎಂದರೆ ಒಪ್ಪಿದಳು ಎಂದಲ್ಲ. ಬಡ್ಡಿಯ ಪಾಪ ಒಂದು, ಇನ್ನೊಬ್ಬರ ಮಾಲನ್ನು ಅವರ ಮನಸ್ಸಿಲ್ಲದೆ ಒತ್ತೆಯಿಟ್ಟ ಪಾಪ ಇನ್ನೊಂದು.

ಕೊಳ್ಳುವಾಗಲೂ ಎಚ್ಚರ ಬೇಕು. ಮಂಡಿ ಎಂದರೆ ಸಗಟು ಪೇಟೆ, ಧಾನ್ಯದ ರಾಶಿಗಳ ಜಾಗ. ಮದೀನಾದ ಪೇಟೆಯಲ್ಲಿ ಪ್ರವಾದಿ(ಸ) ಒಂದು ಧಾನ್ಯದ ರಾಶಿಯೊಳಗೆ ಕೈ ಹಾಕಿದಾಗ ಬೆರಳಿಗೆ ಒದ್ದೆ ತಾಗಿತು. ಮಳೆಗೆ ನೆನೆಯಿತು ಎಂದ ಮಾರುವವನು. ನೆನೆದದ್ದನ್ನು ಜನ ನೋಡುವಂತೆ ಮೇಲೇಕೆ ಇಡಲಿಲ್ಲ ಎಂದು ಕೇಳಿ, ಮೋಸ ಮಾಡುವವನು ನಮ್ಮವನಲ್ಲ ಎಂಬರ್ಥದ ಮಾತನ್ನು ಅವರು ಆಡಿದರು. ನೀವೂ ಹೀಗೆಯೇ ಕೈ ಹಾಕಿ ನೋಡಿರಿ. 2021ರ ಜೂನ್ 16ರಿಂದ ಹಂತ ಹಂತವಾಗಿ ಹಾಲ್‌ಮಾರ್ಕ್ ಕಡ್ಡಾಯವಾಗಿದೆ. 2023ರ ಏಪ್ರಿಲ್ 1ರಿಂದ ಹಾಲ್‌ಮಾರ್ಕಿನ ಜೊತೆ ಆರು ಅಕ್ಷರ-ಅಂಕಿಗಳ ಎಚ್‌ಯುಐಡಿ ಸಂಖ್ಯೆ ಇರಲೇಬೇಕು. ಅದನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಒಡವೆಯ ವಿವರ ಬರುತ್ತದೆ. 22 ಕ್ಯಾರೆಟ್ ಆದರೆ 916 ಎಂದಿರುತ್ತದೆ, ಅಂದರೆ 100 ಗ್ರಾಂನಲ್ಲಿ 91.6 ಗ್ರಾಂ ಅಪ್ಪಟ ಚಿನ್ನ. ಹರಳಿನ ತೂಕ ಬೇರೆ, ಚಿನ್ನದ ತೂಕ ಬೇರೆ, ಮಜೂರಿ ಬೇರೆ ಎಂದು ಬಿಲ್ಲಿನಲ್ಲಿ ಬರೆಸಿರಿ.

ಹಳೆಯ ಒಡವೆ ಕೊಟ್ಟು ಹೊಸದು ತರುವವರಿಗೆ ಒಂದು ಮಸ್‌ಅಲಾ. ಚಿನ್ನಕ್ಕೆ ಚಿನ್ನ ಬದಲಿಸುವುದಾದರೆ ಸಮ ತೂಕ, ಕೈಯಿಂದ ಕೈಗೆ. ಹೆಚ್ಚು ಕಡಿಮೆಯಾದರೆ ಬಡ್ಡಿ. ಹಝ್ರತ್ ಬಿಲಾಲ್(ರ) ಎರಡು ಅಳತೆ ಕಳಪೆ ಖರ್ಜೂರ ಕೊಟ್ಟು ಒಂದು ಅಳತೆ ಒಳ್ಳೆಯದನ್ನು ತಂದಾಗ ಪ್ರವಾದಿ(ಸ) ಅದನ್ನು ಬಡ್ಡಿ ಎಂದು ತಡೆದರು. ಮೊದಲು ಇದನ್ನು ಮಾರಿ, ಬಂದ ಬೆಲೆಗೆ ಅದನ್ನು ಕೊಳ್ಳುವ ದಾರಿ ತೋರಿಸಿದರು. ಅಂಗಡಿಯಲ್ಲಿ ಹಳೆಯದನ್ನು ಮಾರಿ, ಹಣ ಎಣಿಸಿ ಕೈಗೆ ತೆಗೆದುಕೊಂಡು, ನಂತರ ಹೊಸದನ್ನು ಕೊಳ್ಳಿರಿ. ಐದು ನಿಮಿಷದ ಕೆಲಸ.

ಕೊನೆಯದಾಗಿ ಝಕಾತ್. ಮಗಳ ಕೈಗೆ ದಪ್ಪ ಚಿನ್ನದ ಬಳೆ ಹಾಕಿಸಿಕೊಂಡು ಬಂದ ತಾಯಿಯನ್ನು ಪ್ರವಾದಿ(ಸ), ಇದರ ಝಕಾತ್ ಕೊಡುತ್ತೀಯಾ ಎಂದು ಕೇಳಿದರು. ಇಲ್ಲ ಎಂದಾಗ ಪರಲೋಕದ ಬೆಂಕಿಯ ಬಳೆಗಳ ಎಚ್ಚರಿಕೆ ಕೊಟ್ಟರು. ಆ ತಾಯಿ ಬಳೆಗಳನ್ನು ಅಲ್ಲಿಯೇ ಬಿಚ್ಚಿಕೊಟ್ಟರು. ಅಬೂದಾವೂದಿನ ಈ ಹದೀಸ್ ನಮ್ಮ ಹನಫಿಗಳಿಗೆ ಪುರಾವೆ: ತೊಡುವ ಒಡವೆಗೂ ಝಕಾತ್ ಇದೆ. ಕರಾವಳಿಯ ಶಾಫಿಈ ಮದ್‌ಹಬಿನ ಸಹೋದರರಲ್ಲಿ ವಾಡಿಕೆಯಂತೆ ತೊಡುವ ಆಭರಣಕ್ಕೆ ಇಲ್ಲ. ಅವರು ತಮ್ಮ ಉಲಮಾರನ್ನು ಕೇಳಿಕೊಳ್ಳಲಿ.

ನಿಸಾಬ್ ಏಳೂವರೆ ತೊಲ ಚಿನ್ನ, ಅಂದರೆ 87.48 ಗ್ರಾಂ. ಬೆಳ್ಳಿಯಾದರೆ ಐವತ್ತೆರಡೂವರೆ ತೊಲ, 612.36 ಗ್ರಾಂ. ನನ್ನ ಬಳಿ ನಾಲ್ಕೇ ತೊಲ ಇದೆ, ನನಗೆ ಝಕಾತ್ ಇಲ್ಲ ಎಂದು ಸಹೋದರಿಯರು ತಿಳಿದಿರುತ್ತಾರೆ. ನಾಲ್ಕು ತೊಲ ಚಿನ್ನದ ಜೊತೆ ಕಾಲುಂಗುರ, ಗೆಜ್ಜೆ, ಚೀಟಿ ಹಣ, ಬ್ಯಾಂಕಿನಲ್ಲಿ ಸ್ವಲ್ಪ ಉಳಿತಾಯ ಇದ್ದರೆ ಎಲ್ಲದರ ಬೆಲೆ ಕೂಡಿಸಬೇಕು. ಒಟ್ಟು ಐವತ್ತೆರಡೂವರೆ ತೊಲ ಬೆಳ್ಳಿಯ ಬೆಲೆ ಮುಟ್ಟಿದರೆ ಝಕಾತ್ ಕಡ್ಡಾಯ. ಸಾಲವಿದ್ದರೆ ಕಳೆಯಿರಿ. ಹರಳು ಬಿಟ್ಟು ಚಿನ್ನವನ್ನು ಅಂಗಡಿಯಲ್ಲಿ ತೂಗಿಸಿರಿ, ಅಂದಿನ ದರ ಹಾಕಿರಿ, ನಲವತ್ತನೆಯ ಒಂದು ಭಾಗ ತೆಗೆಯಿರಿ. 100 ಗ್ರಾಂ ಇದ್ದರೆ ಎರಡೂವರೆ ಗ್ರಾಂನ ಬೆಲೆ. ಮಾಲು ಯಾರದೋ ಝಕಾತ್ ಅವರದು. ಹೆಂಡತಿಯನ್ನು ಕೇಳಿ ಅವಳ ಪರವಾಗಿ ಗಂಡ ಕೊಟ್ಟರೂ ಆಗುತ್ತದೆ. ರಮಝಾನ್‌ವರೆಗೆ ಕಾಯಲೇಬೇಕೆಂದಿಲ್ಲ. ನಿಸಾಬ್ ತುಂಬಿದ ದಿನದ ಇಸ್ಲಾಮೀ ತಾರೀಖನ್ನು ಆ ಬಂಗಾರದ ಬಿಲ್ಲಿನ ಹಿಂದೆಯೇ ಬರೆದಿಡಿ. ಮುಂದಿನ ವರ್ಷ ಅದೇ ತಾರೀಖಿಗೆ ಬಿಲ್ಲು ತೆಗೆದು ಲೆಕ್ಕ ಮಾಡಿರಿ.