ಕಾಡತೂಸು ಯಾರ ಕೈಯಿಂದ ಯಾರ ಕೈಗೆ: ಗಡಿ ತಾಲ್ಲೂಕುಗಳಲ್ಲಿ ಶಸ್ತ್ರ ಕಾಯ್ದೆ



ದತ್ತಿ ಉಪನ್ಯಾಸವೆಂದರೆ ವಚನ, ದಾಸರ ಪದ, ಜಾನಪದ ಎಂದುಕೊಂಡು ಬಂದವರಿಗೆ ಇವತ್ತಿನ ವಿಷಯ ಕೊಂಚ ಗಡುಸು. ಲೈಸೆನ್ಸ್ ಇರುವ ಒಬ್ಬ ಸಾಮಾನ್ಯ ಮನುಷ್ಯ, ಅಂಗಡಿಯವನಲ್ಲ, ತನ್ನ ಹತ್ತಿರ ಉಳಿದ ಕಾಡತೂಸುಗಳನ್ನು ಇನ್ನೊಬ್ಬರಿಗೆ ಮಾರಬಹುದೆ? ಮಾರಿದರೆ ಅವು ಯಾವ ದಾರಿಯಲ್ಲಿ ಕೊಂಡವರ ಮನೆ ಸೇರಬೇಕು? ಬೆಳೆ ಕಾಯಲು ಬಂದೂಕು ಇಟ್ಟುಕೊಂಡವರು, ಅಪ್ಪನ ಬಂದೂಕು ಕೈಗೆ ಬಂದವರು ವಕೀಲರ ಕಚೇರಿಗೆ ಬಂದು ಕೇಳುವ ಪ್ರಶ್ನೆ ಇದು. ಕೇಳದೇ ಇರುವವರೇ ಹೆಚ್ಚು ಅನ್ನಿ.

ಮದ್ದುಗುಂಡು ಈ ನೆಲಕ್ಕೆ ಹೊಸದಲ್ಲ. ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮಹಮ್ಮದ್ ಮಲಗಿರುವುದು ಇದೇ ಕೋಲಾರದಲ್ಲಿ. 1768ರ ಅಕ್ಟೋಬರ್‌ನಲ್ಲಿ ಕಂಪನಿ ಸೈನ್ಯವೂ ಹೈದರನ ಸೈನ್ಯವೂ ಮುಳಬಾಗಿಲಿನ ಬಳಿ ಕಾದಾಡಿದವು. ಆಮೇಲೆ ಕೆಜಿಎಫ್ ಚಿನ್ನದ ಗಣಿ. ಜಾನ್ ಟೇಲರ್ ಕಂಪನಿ 1880ರಲ್ಲಿ ಬಂದಂದಿನಿಂದ 2001ರ ಫೆಬ್ರವರಿ ಕೊನೆಗೆ ಗಣಿ ಮುಚ್ಚುವವರೆಗೆ ಭೂಮಿಯೊಳಗೆ ಬಂಡೆ ಸಿಡಿಯುತ್ತಲೇ ಇತ್ತು. ಕ್ವಾರಿಗಳಲ್ಲಿ ಈಗಲೂ ಸಿಡಿಯುತ್ತಿದೆ. ಹೀಗಾಗಿ ಮದ್ದಿನೊಂದಿಗೆ ನಮಗೆ ಸಲಿಗೆ ಜಾಸ್ತಿ. ಅದರ ಬೆಲೆಯನ್ನು 2021ರ ಫೆಬ್ರವರಿಯಲ್ಲಿ ಹಿರೇನಾಗವಲ್ಲಿಯಲ್ಲಿ ಕಂಡೆವು: ಜಿಲೆಟಿನ್ ಸಿಡಿದು ಆರು ಜನ ಸತ್ತರು. 2007ರಲ್ಲಿ ಚಿಕ್ಕಬಳ್ಳಾಪುರ ಬೇರೆಯಾಗುವ ತನಕ ಆ ಊರು ನಮ್ಮ ಜಿಲ್ಲೆಯದೇ. ಜಿಲೆಟಿನ್ 1884ರ ಸ್ಫೋಟಕ ಕಾಯ್ದೆಗೆ ಸೇರಿದ್ದು, ಬಂದೂಕಿನ ಕಾಡತೂಸು ಮುಖ್ಯವಾಗಿ 1959ರ ಶಸ್ತ್ರ ಕಾಯ್ದೆಗೆ. ಎರಡನ್ನೂ ಒಂದೇ ಚೀಲಕ್ಕೆ ಹಾಕಬೇಡಿ, ಕಾನೂನಿನಲ್ಲೂ ಅಷ್ಟೇ, ಗಾಡಿಯಲ್ಲೂ ಅಷ್ಟೇ.

ಶಸ್ತ್ರ ಕಾಯ್ದೆ 1962ರ ಅಕ್ಟೋಬರ್ 1ರಿಂದ ಜಾರಿಯಲ್ಲಿದೆ. ಅದರ ಈಗಿನ ನಿಯಮಗಳು 2016ರವು. 3ನೇ ಕಲಂ ಪ್ರಕಾರ ಬಂದೂಕಿಗೆ ಮಾತ್ರವಲ್ಲ, ಮದ್ದುಗುಂಡಿಗೂ ಲೈಸೆನ್ಸ್ ಬೇಕು. ಬಂದೂಕು ಮಾರಿಬಿಟ್ಟೆ, ನಾಲ್ಕು ಕಾಡತೂಸು ಉಳಿದಿವೆ, ಅದರಲ್ಲೇನಿದೆ ಅನ್ನುವವರು ಇದ್ದಾರೆ. ಅದರಲ್ಲೇ ಇರುವುದು ಕೇಸು. ಮಾರಾಟದ ವ್ಯಾಪಾರಕ್ಕೆ 5ನೇ ಕಲಮಿನ ಬೇರೆ ಲೈಸೆನ್ಸ್. ಆದರೆ ಆ ಕಲಮಿನ ಎರಡನೇ ಉಪಕಲಂ ಖಾಸಗಿಯವರಿಗೆ ಒಂದು ಬಾಗಿಲು ತೆರೆದಿದೆ: ಸ್ವಂತ ಬಳಕೆಗೆಂದು ಕಾನೂನುಬದ್ಧವಾಗಿ ಇಟ್ಟುಕೊಂಡದ್ದನ್ನು, ಇಟ್ಟುಕೊಳ್ಳಲು ಅರ್ಹತೆ ಇರುವ ಇನ್ನೊಬ್ಬರಿಗೆ ಡೀಲರ್ ಲೈಸೆನ್ಸ್ ಇಲ್ಲದೆಯೂ ಮಾರಬಹುದು.

ಬಾಗಿಲು ತೆರೆದಿದೆ ಎಂದು ನುಗ್ಗುವಂತಿಲ್ಲ. ಯಾರಿಗೆ ಮಾರುತ್ತೀರಿ, ಅವರ ಹೆಸರೇನು, ವಿಳಾಸವೇನು ಎಂದು ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ನಮ್ಮಲ್ಲಿ ಅವರೆಂದರೆ ಡಿಸಿ ಸಾಹೇಬರು, ಇಲ್ಲವೆ ಹತ್ತಿರದ ಠಾಣೆಯ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಬೇಕು. ತಿಳಿಸಿದ ಮೇಲೆ 45 ದಿನ ಕಾಯಬೇಕು. ಆ ನಂತರವೇ ವಸ್ತು ಕೈ ಬದಲಾಯಿಸಬೇಕು. ತಿಳಿಸದೆ, ಅಥವಾ ಅವಧಿ ಮುಗಿಯುವ ಮೊದಲೇ ಕೊಟ್ಟರೆ 25(3)ನೇ ಕಲಮಿನಲ್ಲಿ ಆರು ತಿಂಗಳವರೆಗೆ ಸಜೆ, ಇಲ್ಲವೆ 500 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಐನೂರು ರೂಪಾಯಿ ತಾನೆ ಎಂದು ನಗಬೇಡಿ. ಕೊಂಡವನಿಗೆ ಲೈಸೆನ್ಸೇ ಇಲ್ಲದಿದ್ದರೆ ಆ ಬಾಗಿಲು ನಿಮ್ಮದಲ್ಲ. ಆಗ ಅದು 5ನೇ ಕಲಮನ್ನೇ ಮುರಿದ ಮಾರಾಟ. 2019ರ ತಿದ್ದುಪಡಿಯ ನಂತರ ಅದಕ್ಕೆ ಕನಿಷ್ಠ ಏಳು ವರ್ಷ, ಗರಿಷ್ಠ ಜೀವಾವಧಿ. ಅರ್ಹತೆ ವಿಚಾರಿಸದೆ ಕೊಟ್ಟದ್ದನ್ನೇ 29ನೇ ಕಲಂ ಅಪರಾಧವೆನ್ನುತ್ತದೆ. ಆದ್ದರಿಂದ ಕೊಳ್ಳುವವರು ಸೋದರಮಾವನೇ ಆಗಿರಲಿ, ಲೈಸೆನ್ಸ್ ಪುಸ್ತಕ ಕೈಯಲ್ಲಿ ಹಿಡಿದು ನೋಡಿ. ಅವಧಿ ಮುಗಿದಿಲ್ಲವೆ? ಯುಐಎನ್, ಅಂದರೆ ವಿಶಿಷ್ಟ ಗುರುತಿನ ಸಂಖ್ಯೆ, ಇದೆಯೆ? ನಿಮ್ಮ ಕಾಡತೂಸಿನ ಬೋರಿಗೆ ಹೊಂದುವ ಬಂದೂಕು ಅವರ ಪುಸ್ತಕದಲ್ಲಿದೆಯೆ? ಎಷ್ಟು ಕಾಡತೂಸು ಇಟ್ಟುಕೊಳ್ಳಬಹುದೆಂದು ನಮೂದಾಗಿದೆ?

ಇನ್ನೊಂದು ಸಾಲು ನಮ್ಮ ಜಿಲ್ಲೆಯವರು ಎಲ್ಲರಿಗಿಂತ ಹೆಚ್ಚು ಎಚ್ಚರದಿಂದ ಓದಬೇಕಾದ್ದು: ಲೈಸೆನ್ಸಿನ ವ್ಯಾಪ್ತಿ. ಮುಳಬಾಗಿಲಿನವರಿಗೆ ನಂಗಲಿ ದಾಟಿದರೆ ಆಂಧ್ರ. ಶ್ರೀನಿವಾಸಪುರದ ಮಾವಿನ ತೋಟದವರಿಗೆ ಮದನಪಲ್ಲಿಯಲ್ಲಿ ಬೀಗರು. ಮಾಲೂರಿನವರಿಗೆ ಹೊಸೂರು ಪಕ್ಕದ ಊರು. ಹೆಣ್ಣು ಕೊಟ್ಟು ತರುವುದಕ್ಕೆ, ಟೊಮೆಟೊ ಮಾರುವುದಕ್ಕೆ ಗಡಿಯಿಲ್ಲ. ಕಾಡತೂಸಿಗೆ ಇದೆ. ಕರ್ನಾಟಕಕ್ಕಷ್ಟೇ ಸಿಂಧುವಾದ ಲೈಸೆನ್ಸ್ ಜೇಬಿನಲ್ಲಿಟ್ಟುಕೊಂಡು ಪಲಮನೇರಿನ ಚೆಕ್‌ಪೋಸ್ಟಿನಲ್ಲಿ ನಿಂತರೆ, ಆ ಪುಸ್ತಕ ನಿಮ್ಮ ಪರ ಸಾಕ್ಷಿ ಹೇಳುವುದಿಲ್ಲ.

ಈಗ ಸಾಗಿಸುವ ಮಾತು. ಅಮೆರಿಕದಲ್ಲಿರುವ ಮಕ್ಕಳು ಫೋನಿನಲ್ಲಿ ಹೇಳಿರಬಹುದು, ಅಲ್ಲಿ ಗುಂಡು ಕೊರಿಯರ್‌ನಲ್ಲಿ ಬಾಗಿಲಿಗೆ ಬರುತ್ತದಂತೆ ಎಂದು. ಸುಳ್ಳಲ್ಲ. 1968ರಲ್ಲಿ ಅಲ್ಲೂ ರಾಜ್ಯದಿಂದ ರಾಜ್ಯಕ್ಕೆ ಮದ್ದುಗುಂಡು ತರಿಸುವುದನ್ನು ನಿಲ್ಲಿಸಿದ್ದರು, 1986ರಲ್ಲಿ ಸಡಿಲಿಸಿದರು. ಆದರೂ ಅಲ್ಲಿನ ಸರ್ಕಾರಿ ಅಂಚೆ ಇವತ್ತಿಗೂ ಅದನ್ನು ಮುಟ್ಟುವುದಿಲ್ಲ.

ನಮ್ಮಲ್ಲಿ ಅಂಚೆಯ ದಾರಿ ಮೊದಲಿನಿಂದಲೂ ಮುಚ್ಚಿದೆ. ಸ್ಫೋಟಕ, ಅಪಾಯಕಾರಿ ವಸ್ತು ಕಳಿಸಬಾರದೆಂದು 1898ರ ಅಂಚೆ ಕಾಯ್ದೆಯ 19ನೇ ಕಲಮಿನಲ್ಲೇ ಇತ್ತು. 2023ರ ಹೊಸ ಅಂಚೆ ಕಾಯ್ದೆ ಬಂದಿತೆಂದು ಆ ನಿಷೇಧ ಕರಗಿಲ್ಲ. ಅಪಾಯಕಾರಿ ಸರಕನ್ನು ಕಾನೂನು ಮೀರಿ ರೈಲಿಗೆ ಹತ್ತಿಸಿದರೆ ರೈಲ್ವೆ ಕಾಯ್ದೆಯ 164ನೇ ಕಲಂ ಮೂರು ವರ್ಷದವರೆಗೆ ಸಜೆ ಹೇಳುತ್ತದೆ. ಮದ್ದುಗುಂಡಿನ ಸಾಗಣೆಗೆ ಪ್ರತ್ಯೇಕ ಲೈಸೆನ್ಸ್ ಕೇಳುವ ಅಧಿಕಾರ ಶಸ್ತ್ರ ಕಾಯ್ದೆಯ 12ನೇ ಕಲಮಿನಡಿ ಕೇಂದ್ರ ಸರ್ಕಾರಕ್ಕಿದೆ. ಡೀಲರುಗಳು ಖಡ್ಕಿಯ ಕಾರ್ಖಾನೆಯ ಶಕ್ತಿಮಾನ್ ಹನ್ನೆರಡು ಬೋರಿನ ಪೆಟ್ಟಿಗೆ ತರಿಸಿಕೊಳ್ಳುವುದೂ ಕಾಗದಪತ್ರದ ಕಾವಲಿನಲ್ಲೇ.

ಉಳಿದದ್ದು ನಮ್ಮೂರ ಪದ್ಧತಿ: ಪೊಟ್ಟಣ ಕಟ್ಟಿ ಬಸ್ಸಿನ ಡ್ರೈವರ್ ಕೈಗೆ ಕೊಟ್ಟು, ಬಸ್ ನಂಬರನ್ನು ಫೋನಿನಲ್ಲಿ ಹೇಳುವುದು. ಔಷಧಿ, ರೇಷ್ಮೆ ಮೊಟ್ಟೆ, ಮೊಬೈಲು ಹೀಗೆ ಹೋಗುತ್ತವೆ. ಕಾಡತೂಸು ಹೋಗಬಾರದು. ಡ್ರೈವರಿಗೆ ಲೈಸೆನ್ಸ್ ಇಲ್ಲ. ಒಳಗೇನಿದೆ ಎಂಬುದೂ ಗೊತ್ತಿಲ್ಲ. ತಿಳಿದು ಇಟ್ಟುಕೊಂಡದ್ದೇ ಅಪರಾಧ ಎಂದು ಸುಪ್ರೀಂ ಕೋರ್ಟು 1972ರ ಗುಣವಂತಲಾಲ್ ಪ್ರಕರಣದಿಂದ ಹೇಳುತ್ತ ಬಂದಿರುವುದರಿಂದ ಆತ ಕೊನೆಗೆ ಬಿಡುಗಡೆಯಾಗಬಹುದು. ಕೊನೆಗೆ ಎಂದೆ. ಅಷ್ಟರಲ್ಲಿ ಅವನ ಕೆಲಸ, ಮನೆ, ಮಾನ ಯಾವ ಸ್ಥಿತಿಗೆ ಬಂದಿರುತ್ತವೋ ಕೋರ್ಟಿನ ಹೊರಗೆ ಬೆಂಚಿನ ಮೇಲೆ ಕೂತವರನ್ನು ಕೇಳಿ. ಪೊಟ್ಟಣ ಕೊಟ್ಟವರಿಗೆ ಆ ರಕ್ಷಣೆಯೂ ಇಲ್ಲ.

ಹಾಗಾದರೆ ಸರಿಯಾದ ದಾರಿ? 45 ದಿನ ಮುಗಿದ ಮೇಲೆ ಕೊಳ್ಳುವವರೇ ತಮ್ಮ ಪುಸ್ತಕದೊಂದಿಗೆ ಬರಲಿ, ಎಣಿಸಿಕೊಳ್ಳಲಿ, ತಮ್ಮ ಲೈಸೆನ್ಸಿನ ವ್ಯಾಪ್ತಿಯೊಳಗೆ ತಾವೇ ಒಯ್ಯಲಿ. ಬೆರಳೆಣಿಕೆಯ ಕಾಡತೂಸಿಗೆ ಇಷ್ಟು ಪಾಡು ಬೇಡವೆನಿಸಿದರೆ ಡೀಲರ್ ಬಳಿಗೆ ಹೋಗಿ. ನನ್ನನ್ನು ಕೇಳಿದರೆ ಅದೇ ವಾಸಿ: ರಿಜಿಸ್ಟರು ಅವರದು, ತಲೆನೋವೂ ಅವರದು.

ಹೆಚ್ಚಿನ ಮನೆಗಳಲ್ಲಿ ಪ್ರಶ್ನೆ ಏಳುವುದು ಸಾವಿನ ಮನೆಯಲ್ಲಿ. ಅಜ್ಜ ತೀರಿಕೊಂಡರು, ಬೀರುವಿನಲ್ಲಿ ಬಂದೂಕು, ಡಬ್ಬಿಯಲ್ಲಿ ಕಾಡತೂಸು. ಅಜ್ಜನ ಲೈಸೆನ್ಸ್ ಅಜ್ಜನ ಜೊತೆಗೇ ಹೋಯಿತು. ಮೊಮ್ಮಗನ ಕೈಯಲ್ಲಿ ಅದೇ ಡಬ್ಬಿ ಈಗ ಅಕ್ರಮ. 21ನೇ ಕಲಂ ಇಲ್ಲಿ ದಯೆಯಿಂದ ನಡೆದುಕೊಂಡಿದೆ ಎನ್ನಬೇಕು. ಅನಗತ್ಯ ತಡಮಾಡದೆ ಠಾಣೆಯಲ್ಲೋ, ನಿಯಮದಂತೆ ಡೀಲರ್ ಬಳಿಯೋ ಠೇವಣಿ ಇಟ್ಟರೆ ವಾರಸುದಾರರ ಹಕ್ಕು ಉಳಿಯುತ್ತದೆ. ಅಲ್ಲಿಂದಲೇ ಅರ್ಹರಿಗೆ ಮಾರಿಸಿ ಹಣ ಪಡೆಯಬಹುದು. ಬಂದೂಕನ್ನು ಮನೆಯಲ್ಲೇ ಉಳಿಸಿಕೊಳ್ಳುವ ಆಸೆಯಿದ್ದರೆ ವಾರಸುದಾರರ ಲೈಸೆನ್ಸಿಗೆ ಅರ್ಜಿ ಹಾಕಬಹುದು. ಅದಕ್ಕೆ ಸಾವನ್ನೇ ಕಾಯಬೇಕಿಲ್ಲ: ಲೈಸೆನ್ಸುದಾರರಿಗೆ 70 ತುಂಬಿದಾಗ, ಇಲ್ಲವೆ ಬಂದೂಕು ಅವರಲ್ಲಿ 25 ವರ್ಷ ಇದ್ದಾಗ, ಯಾವುದು ಮೊದಲೋ ಆಗಲೇ ವರ್ಗಾಯಿಸಲು 2016ರ ನಿಯಮಗಳಲ್ಲಿ ಅವಕಾಶವಿದೆ. ಇದನ್ನು ಇಲ್ಲಿ ಕುಳಿತ ಹಿರಿಯರು ಮನೆಗೆ ಹೋಗಿ ಮಕ್ಕಳ ಜೊತೆ ಮಾತಾಡಿದರೆ ಒಳ್ಳೆಯದು.

ಚುನಾವಣೆ ಬಂದಾಗ ಬಂದೂಕು ಠಾಣೆಗೆ ಕೊಟ್ಟು ರಸೀದಿ ಪಡೆಯುವುದು ನಿಮಗೆಲ್ಲ ರೂಢಿ. ಕಾಡತೂಸಿಗೂ ಅದನ್ನೇ ಮಾಡಿ. ಠೇವಣಿ ಇಡುವ ದಿನ ಯಾವ ಬೋರು, ಎಷ್ಟು ಸಂಖ್ಯೆ ಎಂದು ಎರಡು ಪ್ರತಿ ಬರೆದುಕೊಂಡು ಹೋಗಿ. ಒಂದರ ಮೇಲೆ ಠಾಣೆಯ ಮೊಹರು, ಸಹಿ, ತಾರೀಖು ಹಾಕಿಸಿಕೊಳ್ಳದೆ ಹೊರಗೆ ಬರಬೇಡಿ.