ಮೀಟರೇ ಸುಳ್ಳು ಹೇಳಿದರೆ?

(ಸುವರ್ಣ ಮಹೋತ್ಸವದ ಹಳೆಯ ವಿದ್ಯಾರ್ಥಿಗಳ ಗೋಷ್ಠಿಯಲ್ಲಿ ಆಡಿದ ಮಾತು)



ಸಾಫ್ಟ್‌ವೇರ್ ಇಂಜಿನಿಯರ್ ಎಂದರೆ ಊರಲ್ಲಿ ಮೊದಲು ಕೇಳುವುದು, "ಮೊಬೈಲ್ ರಿಪೇರಿ ಬರ್ತದೇನಪ್ಪಾ?" ಬರುವುದಿಲ್ಲ. ನಾನು ಬರೆಯುವುದು ಕಾರ್ಖಾನೆಯ ಕಂಟ್ರೋಲ್ ರೂಮಿನ ಸಾಫ್ಟ್‌ವೇರ್. ಟ್ಯಾಂಕು ಎಷ್ಟು ತುಂಬಿದೆ, ಬಿಸಿ ಎಷ್ಟಿದೆ ಎಂದು ತೋರಿಸಿ, ಮಿತಿ ಮೀರಿದರೆ ಪಂಪು ನಿಲ್ಲಿಸುವುದು ಅದರ ಕೆಲಸ.

ಈ ವಿದ್ಯೆಯ ಮೊದಲ ಪಾಠ ಇದೇ ಶಾಲೆಯ ಸ್ಪಿರಿಟ್ ದೀಪದ್ದು. ವಿಜ್ಞಾನದ ಮೇಷ್ಟ್ರು ಅದನ್ನು ಊದಿ ಆರಿಸಲು ಬಿಡುತ್ತಿರಲಿಲ್ಲ, ಮುಚ್ಚಳವನ್ನೇ ಮುಚ್ಚಬೇಕು. ಉರಿಯುವ ದೀಪಕ್ಕೆ ಸ್ಪಿರಿಟ್ ಸುರಿಯುವುದಂತೂ ಕೂಡದು. ಕಾರಣ ನನಗೆ ಸರಿಯಾಗಿ ತಿಳಿದದ್ದು ಬಿ.ಇ. ಮುಗಿದ ಮೇಲೆ. ಉರಿಯುವುದು ದ್ರವವಲ್ಲ, ಅದರ ಆವಿ. ಎಥೆನಾಲ್ ಸುಮಾರು 13 ಡಿಗ್ರಿಯಲ್ಲೇ ಹತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ನಮ್ಮೂರಲ್ಲಿ ಅಷ್ಟು ಚಳಿ ಬೀಳುವುದೇ ಅಪರೂಪ! ಗಾಳಿಯಲ್ಲಿ ಆ ಆವಿ ನೂರಕ್ಕೆ ಸುಮಾರು 3ರಿಂದ 19 ಪಾಲು ಸೇರಿದ್ದರೆ ಒಂದು ಕಿಡಿ ಸಾಕು.

ಈಗ ಕಬ್ಬು, ಮೆಕ್ಕೆಜೋಳದಿಂದ ಎಥೆನಾಲ್ ತೆಗೆದು ಪೆಟ್ರೋಲಿಗೆ ಬೆರೆಸುತ್ತಾರೆ. ದೀಪದಲ್ಲಿದ್ದದ್ದು ಲಕ್ಷಗಟ್ಟಲೆ ಲೀಟರಿನ ಟ್ಯಾಂಕಿಗೆ ಬಂದಿದೆ. ಅಂಥ ಒಂದು ಕಾರ್ಖಾನೆಯಲ್ಲಿ ಹ್ಯಾಜಾಪ್ ಎಂಬ ಸಭೆಗೆ ಕೂತಿದ್ದೆ. ಒಂದೊಂದು ಪೈಪಿನ ಮೇಲೂ ಬೆರಳಿಟ್ಟು ಕೇಳುತ್ತಾರೆ: ಹರಿವು ಹೆಚ್ಚಾದರೆ? ಕಡಿಮೆಯಾದರೆ? ಹಿಂದಕ್ಕೆ ಹರಿದರೆ? ನಿಂತೇ ಹೋದರೆ? ಅನಾಹುತ ಎಷ್ಟು ಸಲ ಆದೀತು, ಆದರೆ ಎಷ್ಟು ದೊಡ್ಡದಾದೀತು, ಈ ಎರಡನ್ನು ಸೇರಿಸಿ ಅಪಾಯವನ್ನು ಅಳೆಯುತ್ತಾರೆ. ಹುಲ್ಲಿನ ಬಣವೆಯನ್ನು ಮನೆಯಿಂದ ದೂರ ಒಟ್ಟುವ ನಿಮಗೆ ಇದು ಹೊಸದೇನಲ್ಲ.

ಕೊನೆಯ ಸಾಲಿನಲ್ಲಿದ್ದ ಹಿರಿಯ ಆಪರೇಟರ್ ಒಬ್ಬರು ಎದ್ದು, "ಸಾರ್, ಮೀಟರೇ ಸುಳ್ಳು ಹೇಳಿದರೆ?" ಎಂದರು.

ನನ್ನ ಬಾಯಿ ಕಟ್ಟಿತು. ಮೀಟರು ಹತ್ತು ವರ್ಷಕ್ಕೊಮ್ಮೆ ಕೆಡಬಹುದು, ಪಂಪು ನಿಲ್ಲಿಸುವ ವ್ಯವಸ್ಥೆ ನೂರಕ್ಕೊಮ್ಮೆ ಕೈಕೊಡಬಹುದು, ಆದ್ದರಿಂದ ಟ್ಯಾಂಕು ಚೆಲ್ಲುವುದು ಸಾವಿರ ವರ್ಷಕ್ಕೊಮ್ಮೆ ಎಂದು ಗುಣಿಸಿ ಬರೆದಿದ್ದವನು ನಾನೇ. ಆದರೆ ಪರದೆಯ ಅಂಕಿ, ಅಲಾರಂ, ಪಂಪು ನಿಲ್ಲಿಸುವ ಆಜ್ಞೆ, ಮೂರನ್ನೂ ಒಂದೇ ಮೀಟರಿಗೆ ಕಟ್ಟಿಹಾಕಿದ್ದೆ. ಅದು ಕೆಟ್ಟರೆ ಮೂರೂ ಕೆಟ್ಟವು. ಸಾವಿರವಲ್ಲ, ಹತ್ತೇ ವರ್ಷ.

ಇದು ಬರೀ ಲೆಕ್ಕದ ಮಾತಲ್ಲ. 2005ರ ಡಿಸೆಂಬರ್ 11ರಂದು ಇಂಗ್ಲೆಂಡಿನ ಬನ್ಸ್‌ಫೀಲ್ಡ್ ಡಿಪೋದಲ್ಲಿ ಪೆಟ್ರೋಲ್ ಟ್ಯಾಂಕಿನ ಮೀಟರು ನಸುಕಿನ ಮೂರರ ಹೊತ್ತಿಗೆ ಒಂದೇ ಅಂಕಿಗೆ ಅಂಟಿಕೊಂಡಿತು. ಪೆಟ್ರೋಲ್ ಏರುತ್ತಲೇ ಇತ್ತು. ಬೇರೆಯೇ ಆದ ಒಂದು ಸ್ವಿಚ್ಚು ಇದ್ದರೂ ಅದು ಕೆಲಸ ಮಾಡುವ ಸ್ಥಿತಿಯಲ್ಲಿರಲಿಲ್ಲ. ಆರು ಗಂಟೆಗೆ ಆವಿಯ ಮೋಡ ಸಿಡಿಯಿತು. ಭಾನುವಾರವಾದ್ದರಿಂದ ಯಾರೂ ಸಾಯಲಿಲ್ಲ, 43 ಮಂದಿಗೆ ಗಾಯವಾಯಿತು. ಆ ಮೀಟರು ಹಿಂದಿನ ಮೂರು ತಿಂಗಳಲ್ಲಿ 14 ಸಲ ಅಂಟಿಕೊಂಡಿತ್ತೆಂದು ತನಿಖೆಯಲ್ಲಿ ತಿಳಿಯಿತು. ನನ್ನನ್ನು ಕಾಡುವುದು ಆ 14. 2009ರಲ್ಲಿ ನಮ್ಮದೇ ಜೈಪುರದ ಡಿಪೋದಲ್ಲಿ ಪೆಟ್ರೋಲ್ ಸೋರಿ ಅಂಥದೇ ಮೋಡ ಎದ್ದಾಗ ಜೀವಗಳೇ ಹೋದವು.

ಆ ಕಾರ್ಖಾನೆಯಲ್ಲಿ ಪಂಪಿಗೆ ಬೇರೆ ಸ್ವಿಚ್ಚು, ಬೇರೆ ವೈರು ಹಾಕಿಸಿದೆವು. ಅದನ್ನು ಆಗಾಗ ಪರೀಕ್ಷಿಸಿ ಸಹಿ ಹಾಕುವ ಪುಸ್ತಕವನ್ನೂ ಇಡಿಸಿದೆವು. ಪುಸ್ತಕ ಇಟ್ಟದ್ದು ಆ ಆಪರೇಟರ್ ಹಟದಿಂದ.

ನಮ್ಮೂರ ಹುಡುಗರು ಹರಿಹರ, ದಾವಣಗೆರೆ ಕಡೆ ಪಾಳಿ ಕೆಲಸಕ್ಕೆ ಹೋಗುತ್ತಾರೆ. ಅವರ ಮನೆಯವರಿಗೆ ಒಂದು ಮಾತು: ಭೋಪಾಲದ ದುರಂತದ ನಂತರ ಬಂದ 1989ರ ನಿಯಮಗಳ ಪ್ರಕಾರ, ಅಪಾಯಕಾರಿ ರಾಸಾಯನಿಕವನ್ನು ನಿಗದಿತ ಪ್ರಮಾಣಕ್ಕಿಂತ ಹೆಚ್ಚು ಇಟ್ಟುಕೊಂಡ ಕಾರ್ಖಾನೆ ಸುತ್ತಲಿನವರಿಗೆ ಅಪಾಯ ಏನು, ಆದಾಗ ಏನು ಮಾಡಬೇಕು ಎಂದು ತಿಳಿಸಬೇಕು. ಕನ್ನಡದಲ್ಲೇ ಕೇಳಿ. ಕೆಲಸಕ್ಕೆ ಸೇರುವ ದಿನ ಸಂಬಳದ ಜೊತೆ ಅದನ್ನೂ ಕೇಳಿ.

ಮುಖ್ಯೋಪಾಧ್ಯಾಯರ ಅನುಮತಿ ಸಿಕ್ಕರೆ ನಾಳೆ ಬೆಳಿಗ್ಗೆ ಹತ್ತನೇ ತರಗತಿಯ ಮಕ್ಕಳ ಜೊತೆ ಪ್ರಯೋಗಾಲಯದಲ್ಲಿ ಕೂರುತ್ತೇನೆ. ಒಂದು ಸ್ಪಿರಿಟ್ ದೀಪ ಮುಂದಿಟ್ಟುಕೊಂಡು ಹ್ಯಾಜಾಪ್ ಮಾಡೋಣ. ಪ್ರಶ್ನೆ ಕೇಳುವವರು ಅವರು, ಉತ್ತರ ಹುಡುಕುವವನು ನಾನು.